ಗದ್ದೆ ಇಲ್ಲದವಳ ಮುಯ್ಯಿ

ಸರೋಜ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಹಲಸಿನ ಹಿಟ್ಟಿನ ಉಂಡೆಯಿಟ್ಟು ಮಣೆಯಿಂದ ಒತ್ತಿದಳು. ಒತ್ತಿದವಳು ಕೈ ತೆಗೆಯಲಿಲ್ಲ. ಹಿಟ್ಟು ಹಾಳೆಯ ಅಂಚು ದಾಟಿ ಮಣೆಗೆ ಅಂಟಿಕೊಳ್ಳುವುದಕ್ಕೂ ಜಲಜಮ್ಮ ತಲೆಯೆತ್ತಿ ನೋಡುವುದಕ್ಕೂ ಸರಿಹೋಯಿತು.

“ಎಂತದೇ ಸರೋಜ, ಹಪ್ಪಳ ಒತ್ತಕ್ಕೆ ಕೂತದ್ದಾ, ತಪಸ್ಸಿಗೆ ಕೂತದ್ದಾ? ಎತ್ತು ಮಾರಾಯ್ತಿ, ಹಪ್ಪಳ ಹೋಗಿ ಚಾಪೆ ಆಯ್ತು.”

ಜಲಜಮ್ಮನ ಸೊಸೆ ಸೌಂದರ್ಯಾ ಕಿಸಕ್ಕನೆ ನಕ್ಕಳು. ಹಿಂದಿನ ವರ್ಷವಷ್ಟೇ ಮದುವೆಯಾಗಿ ಬೇಗಾರಿಗೆ ಬಂದ ಹುಡುಗಿ. ಒತ್ತಿದ ಹಪ್ಪಳಗಳನ್ನು ಅಂಗಳದ ಬಿಸಿಲಿಗೆ ಹರಡುವ ಕೆಲಸ ಅವಳದ್ದು.

ಇವತ್ತು ಜಲಜಮ್ಮನ ಮನೆಯ ಹಪ್ಪಳ, ನಾಳೆ ಸರೋಜನ ಮನೆಯದ್ದು. ಹಪ್ಪಳವಾದರೂ ಅಷ್ಟೆ, ಗದ್ದೆ ನಾಟಿಯಾದರೂ ಅಷ್ಟೆ, ಆ ಕೇರಿಯಲ್ಲಿ ಮುಯ್ಯಿ ನಡೆಯುತ್ತಿತ್ತು. ನಿನ್ನ ಮನೆಯ ಕೆಲಸಕ್ಕೆ ನಾನು ಒಂದು ದಿನ ಬಂದರೆ ನನ್ನ ಮನೆಯ ಕೆಲಸಕ್ಕೆ ನೀನು ಒಂದು ದಿನ. ಕೂಲಿಯ ಮಾತಿಲ್ಲ. ಕೆಲಸ ಯಾರದ್ದೋ ಊಟ ಅವರ ಮನೆಯಲ್ಲಿ. ಯಾರ ಮನೆಯ ಮುಯ್ಯಿ ತೀರಿದೆ, ಯಾರದ್ದು ತೀರಿಲ್ಲ ಎನ್ನುವುದನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಹಾಗಂತ ಸರೋಜ ನಂಬಿದ್ದಳು.

ಮಣೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಅವಳು ಅಂತೂ ಬಾಯಿಬಿಟ್ಟಳು.

“ಜಲಜಕ್ಕ, ಸುಬ್ಬಿ ಕಾಗದ ಹಾಕಿದ್ದಾಳೆ.”

“ಯಾವ ಸುಬ್ಬಿ? ನಮ್ಮ ಚೋಮನ ಹೆಂಡ್ತಿಯಾ? ಅವಳಿಗೆ ಕಾಗದ ಬರೆಯಷ್ಟು ಬಂತಾ?”

“ರಾತ್ರಿ ಶಾಲೇಲಿ ಕಲಿತಿದ್ಲಲ್ಲ. ಅವಳೇ ಬರೆದದ್ದು.”

“ಯಾವಾಗ ಬಂತು?”

ಸರೋಜ ಇನ್ನೊಂದು ಉಂಡೆ ತೆಗೆದುಕೊಂಡಳು. “ಶಿವರಾತ್ರಿ ಹೊತ್ತಿಗೆ.”

“ಶಿವರಾತ್ರಿಗೆ ಬಂದ ಕಾಗದವಾ! ಹಲಸಿನಕಾಯಿ ಬಲಿಯೋ ತನಕ ಎಂತ ಮಾಡಿದ್ಯೇ ಅದನ್ನ, ಉಪ್ಪಿನಕಾಯಿ ಹಾಕಿದ್ಯಾ?”

ಸೌಂದರ್ಯಾ ಮತ್ತೆ ನಕ್ಕಳು. ಸರೋಜ ನಗಲಿಲ್ಲ. ಆ ಕಾಗದವನ್ನು ಅವಳು ದೇವರ ಪಟದ ಹಿಂದೆ ಇಟ್ಟಿದ್ದಳು. ದಿನಾ ದೀಪ ಹಚ್ಚುವಾಗ ನೀಲಿ ಅಂಚು ಕಾಣುತ್ತಿತ್ತು. ದೇವರಿಗೆ ಕೈಮುಗಿದರೆ ಸುಬ್ಬಿಗೂ ಮುಗಿದಂತಾಗುತ್ತದೆಂದು ಇತ್ತೀಚೆಗೆ ಕೈಮುಗಿಯುವುದನ್ನೇ ಗಡಿಬಿಡಿಯಲ್ಲಿ ಮುಗಿಸುತ್ತಿದ್ದಳು. ಓದಿ ಓದಿ ಕಾಗದ ಬಾಯಿಪಾಠವಾಗಿತ್ತು.

‘ಸರೋಜಕ್ಕನಿಗೆ ಸುಬ್ಬಿ ಮಾಡುವ ನಮಸ್ಕಾರ. ನಾವು ಕ್ಷೇಮ. ಶೆಟ್ಟಿಕೊಪ್ಪದಲ್ಲಿ ನನ್ನ ಹೆಸರಿಗೆ ಜಾಗ ಆಗಿದೆ. ಮನೆ ಕಟ್ಟುತ್ತಾ ಇದೇವೆ. ಚೋಮನಿಗೆ ಸೊಂಟ ಹಿಡಿದಿದೆ, ಮಣ್ಣು ಹೊರಲಿಕ್ಕೆ ಆಗುವುದಿಲ್ಲ. ಮಳೆಗೆ ಮುಂಚೆ ಗೋಡೆ ಏಳಬೇಕು. ನನಗೆ ಬೇಕಾದಾಗ ನೀವೆಲ್ಲ ಮುಯ್ಯಿಗೆ ಬರುತ್ತೇವೆ ಅಂದಿದ್ರಿ. ಒಂದು ದಿನ ಬನ್ನಿ. ಊಟಕ್ಕೆ ಮಾಡುತ್ತೇನೆ. ಬರುವ ದಿನ ಮೊದಲೇ ತಿಳಿಸಿ, ಮಣ್ಣು ನೆನೆಹಾಕಬೇಕು. ಇತಿ ಸುಬ್ಬಿ.’

ಅಷ್ಟೆ. ಒಂದು ಬೈಗುಳವಿಲ್ಲ, ಹಳೆಯದನ್ನು ಕೆದಕಿದ ಮಾತಿಲ್ಲ. ಬೈದಿದ್ದರೆ ಸರೋಜ ಅಂದೇ ಉತ್ತರ ಬರೆದು ಹಗುರಾಗುತ್ತಿದ್ದಳೋ ಏನೋ.

ಆ ಮಾತು ಕೊಟ್ಟವಳು ಸರೋಜನೇ. ನಾಲ್ಕು ವರ್ಷದ ಹಿಂದೆ ಬೇಗಾರಿನ ಶಾಲೆಯಲ್ಲಿ ದೊಡ್ಡವರಿಗೆ ರಾತ್ರಿ ಅಕ್ಷರ ಕಲಿಸುತ್ತಿದ್ದ ಕಾಲ. ಅದರ ಬಾಲ ಹಿಡಿದು ಭಾನುವಾರ ಮಧ್ಯಾಹ್ನ ಇನ್ನೊಂದು ಕ್ಲಾಸು ಸುರುವಾಯಿತು. ಕೊಪ್ಪದಿಂದ ಸೋಮನಾಥ್ ಅನ್ನುವವರು ಬರುತ್ತಿದ್ದರು. ಬಾಳೆಹೊನ್ನೂರು ಕಡೆಯ ಅನುಕೂಲಸ್ಥರ ಮನೆಯ ಮಗ. ಪಾಲಿಗೆ ಬಂದ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ತೋಟದ ಕೆಲಸಗಾರರ ಸಂಘ ಕಟ್ಟಿಕೊಂಡು ಓಡಾಡುತ್ತಿದ್ದವರು, ಮದುವೆಯಾಗದವರು. ಹೆಗಲ ಚೀಲದ ತುಂಬ ಕೆಂಪು ರಟ್ಟಿನ ಪುಸ್ತಕ.

ಮೊದಲ ದಿನ ಅವರು ಬೋರ್ಡಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದರು. “ಇದು ಒಂದು ದಿನದ ದುಡಿಮೆ,” ಅಂದರು. ನಡುವೆ ಒಂದು ಅಡ್ಡಗೀಟು ಹಾಕಿದರು. “ಇಲ್ಲಿಯ ತನಕ ದುಡಿದದ್ದು ನಿಮ್ಮ ಹೊಟ್ಟೆಗೆ. ಇಲ್ಲಿಂದ ಆಚೆ ದುಡಿದದ್ದು ಎಲ್ಲಿಗೆ ಹೋಗ್ತದೆ?”

ಹಿಂದಿನ ಸಾಲಿನಿಂದ ಚೋಮ ಹೇಳಿದ: “ಸಾಹುಕಾರರ ಜೀಪಿಗೆ ಡೀಸೆಲ್ ಆಗ್ತದೆ ಸಾರ್.”

ಶಾಲೆಯೇ ಹಾರಿಹೋಗುವಂತೆ ನಗು. ಸೋಮನಾಥ್ ಮಾತ್ರ ನಗದೆ, “ಇಷ್ಟೇ ವಿಷಯ. ಇದನ್ನ ತಿಳಿಸಕ್ಕೆ ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ,” ಅಂದರು. ಆಮೇಲೆ ಗೆರೆಯ ಕೆಳಗೆ ಇನ್ನೊಂದು ಮಾತು ಬರೆದರು: ಭೂಮಿ ಯಾರದ್ದು, ಯಂತ್ರ ಯಾರದ್ದು ಅನ್ನುವುದನ್ನು ಮೊದಲು ಕೇಳಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಸರೋಜನಿಗೆ ಗೆರೆ ನೆನಪುಳಿಯಿತು. ಕೆಳಗಿನ ಮಾತು ಉಳಿಯಲಿಲ್ಲ. ಮೊಣಕಾಲು ಮಟ್ಟ ಕೆಸರಲ್ಲಿ ನಿಂತು ಸಸಿ ಕಿತ್ತವಳು ಅವಳು; ಬೆರಳ ಸಂದಿ ಕೊಳೆತು, ರಾತ್ರಿಯೆಲ್ಲ ಅರಿಸಿನ ಎಣ್ಣೆ ಹಚ್ಚಿಕೊಂಡು ಕೂತವಳು. ದೊಡ್ಡ ತೋಟದವರ ಮನೆಗೆ ಹೋದರೆ ಜಗಲಿಯ ಕೆಳಗಿನ ಮೆಟ್ಟಿಲ ಮೇಲೇ ಕೂತು ಬರಬೇಕಾಗಿದ್ದವಳು. ಬೋರ್ಡಿನ ಮೇಲೆ ತನ್ನ ಬದುಕೇ ಬಿದ್ದಿದೆ ಅನ್ನಿಸಿತು. ತಾನೂ ದುಡಿಯುವವಳು ಅನ್ನುವ ಮಾತು ಎಷ್ಟು ಹಿತವಾಯಿತೆಂದರೆ, ಗಂಡ ಚಂದ್ರಶೇಖರನ ಹೆಸರಿಗೆ ಅಷ್ಟೋ ಇಷ್ಟೋ ಗದ್ದೆ ಇದೆ, ವರ್ಷದ ಅಕ್ಕಿ ಕಣಜದಲ್ಲಿದೆ ಅನ್ನುವುದೇ ಅವಳಿಗೆ ಮರೆತುಹೋಯಿತು.

ಆಗ ಕೇರಿಯ ನಾಟಿಯಲ್ಲಿ ಗದ್ದೆ ಇದ್ದವರೆಲ್ಲ ಮುಯ್ಯಿಗೆ ಬಂದರೆ ಸುಬ್ಬಿ ಒಬ್ಬಳು ಕೂಲಿಗೆ ಬರುತ್ತಿದ್ದಳು. ಸಂಜೆ ಉಳಿದವರು ಹರಟುತ್ತ ಮನೆಗೆ ಹೊರಟರೆ ಅವಳು ಅಂಗಳದ ತುದಿಯಲ್ಲಿ ಕೂಲಿಗೆ ಕಾಯುತ್ತ ನಿಂತಿರುತ್ತಿದ್ದಳು. ಒಂದು ಭಾನುವಾರ ಸರೋಜ ಕ್ಲಾಸಿನಲ್ಲಿ ಎದ್ದು ನಿಂತಳು. ಜೀವಮಾನದಲ್ಲಿ ಮೊದಲ ಸಲ ಹತ್ತು ಜನರೆದುರು ಮಾತಾಡಿದ್ದು. “ನಮ್ಮೊಳಗೆ ಒಬ್ಬಳು ಯಾಕೆ ಕೂಲಿಯವಳಾಗಿರಬೇಕು ಸಾರ್? ಕೂಲಿ ಅಂದ್ರೆ ಒಡೆಯ ಅಂತ ಒಬ್ಬ ಇರ್ಬೇಕು. ನಮ್ಮಲ್ಲಿ ಒಡೆಯರು ಯಾರೂ ಬೇಡ. ಸುಬ್ಬಿನೂ ನಮ್ಮ ಹಾಗೇ ಮುಯ್ಯಿಗೆ ಬರ್ಲಿ.”

ಸೋಮನಾಥರ ಕಣ್ಣು ಒದ್ದೆಯಾಯಿತು. “ಪುಸ್ತಕದಲ್ಲಿದ್ದದ್ದು ಇವತ್ತು ಬೇಗಾರಿನ ಗದ್ದೆಗೆ ಇಳೀತು,” ಅಂದರು. ಚಪ್ಪಾಳೆಯೋ ಚಪ್ಪಾಳೆ.

ಸುಬ್ಬಿ ಸೆರಗಿನ ತುದಿ ತಿರುಚುತ್ತ, “ನಂಗೆ ಗದ್ದೆ ಇಲ್ವಲ್ಲ ಅಮ್ಮಾ,” ಅಂದಳು.

“ಅಮ್ಮ ಅಲ್ಲ ಕಣೇ, ಅಕ್ಕ ಅನ್ನು.”

“ಅಕ್ಕಾ... ನಂಗೆ ಗದ್ದೆ ಇಲ್ವಲ್ಲ.”

“ಗದ್ದೆ ಇಲ್ಲದಿದ್ರೆ ಎಂತ ಆಯ್ತು? ನಿಂಗೆ ಏನು ಕೆಲಸ ಇರ್ತದೋ ಅದಕ್ಕೆ ಕರಿ. ಬೇಕಾದಾಗ ನಾವೆಲ್ಲ ಬರ್ತೇವೆ.”

ಮತ್ತೆ ಚಪ್ಪಾಳೆ. ಸುಬ್ಬಿಯ ಬಾಯಲ್ಲಿ ಅಮ್ಮ ಹೋಗಿ ಅಕ್ಕ ಬಂದದ್ದನ್ನು ಎಲ್ಲರೂ ಕೇಳಿಸಿಕೊಂಡರು. ಅವಳು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡು ಮಳೆಗಾಲ ಸುಬ್ಬಿ ಎಲ್ಲರ ಗದ್ದೆಯಲ್ಲೂ ನೆಟ್ಟಳು, ಕಳೆ ಕಿತ್ತಳು. ಕೂಲಿ ಇಲ್ಲ. ಅವಳಿಗೆ ಯಾರೂ ತಿರುಗಿ ದುಡಿಯಲಿಲ್ಲ, ದುಡಿಯುವುದಕ್ಕೆ ಅವಳಲ್ಲಿ ಏನಾದರೂ ಇದ್ದರೆ ತಾನೆ? ಗುಡಿಸಲು ನಿಂತ ನೆಲವೂ ಬೇರೆಯವರದ್ದು. ಆಷಾಢದ ಒಂದು ದಿನ ಅವಳು ಖಾಲಿ ಮೊರ ಹಿಡಿದು ಸರೋಜನ ಹಿತ್ತಿಲ ಬಾಗಿಲಿಗೆ ಬಂದಳು. “ಅಕ್ಕಾ, ಅಕ್ಕಿ ಇದ್ರೆ ಸಾಲ ಕೊಡಿ.” ಸರೋಜ ಮೊರ ತುಂಬ ಅಕ್ಕಿ ಸುರಿದು, ಮೇಲೆ ಎರಡು ತೆಂಗಿನಕಾಯಿ ಇಟ್ಟು, “ನಮ್ಮೊಳಗೆ ಸಾಲ ಎಂತದೇ, ವಾಪಸ್ ತರ್ಬೇಡ,” ಅಂದಳು. ಆ ರಾತ್ರಿ ಅವಳಿಗೆ ಎಂಥ ಸುಖನಿದ್ದೆ! ಈಗ, ಆ ಕಾಗದ ಬಂದಮೇಲೆ, ಮೈಯೆಲ್ಲ ಉರಿಸುವುದು ಆ ನಿದ್ದೆಯ ನೆನಪೇ. ಸುಬ್ಬಿಯ ದುಡಿಮೆಯ ಅಕ್ಕಿಯನ್ನೇ ಅವಳಿಗೆ ದಾನ ಕೊಟ್ಟು ಹೊದ್ದು ಮಲಗಿದೆನಲ್ಲ.

ಮೂರನೆಯ ಮಳೆಗಾಲಕ್ಕೆ ಸುಬ್ಬಿಯ ಗುಡಿಸಲಿನ ಬಾಗಿಲಿಗೆ ತಟ್ಟಿ ಕಟ್ಟಿತ್ತು. ಗಂಡಹೆಂಡಿರು ಶೆಟ್ಟಿಕೊಪ್ಪದ ಕಡೆ ಅಡಿಕೆ ತೋಟಕ್ಕೆ ಕೂಲಿಗೆ ಹೋದರೆಂದು ಸುದ್ದಿ ಬಂತು. “ಇಂಥವರಿಗೆ ಸಮಾನತೆ ಕೊಟ್ರೂ ಜೀರ್ಣ ಆಗಲ್ಲ,” ಅಂದಿದ್ದಳು ಜಲಜಮ್ಮ. ಸರೋಜ ಹೌದೆಂದು ತಲೆಯಾಡಿಸಿದ್ದಳು. ಅದೂ ಮರೆಯುವಂಥದ್ದಲ್ಲ.

“ಏನಂತೆ ಅವಳದ್ದು?” ಜಲಜಮ್ಮ ಕೇಳಿದಳು.

ಸರೋಜ ಕಾಗದದಲ್ಲಿದ್ದದ್ದನ್ನು ಹೇಳಿದಳು.

“ಮಣ್ಣು ಹೊರಕ್ಕೆ ನಾವು ಶೆಟ್ಟಿಕೊಪ್ಪಕ್ಕೆ ಹೋಗ್ಬೇಕಾ?” ಜಲಜಮ್ಮ ಕೇಳಿದಳು. “ನನ್ನ ಮೊಣಕಾಲು ನೋಡಿದ್ಯಾ? ಬಸ್ಸು ಹತ್ತಬೇಕಾದ್ರೆ ಕಂಡಕ್ಟರು ಹಿಂದಿಂದ ನೂಕಬೇಕು.”

“ನೀವು ಕೂತು ಮಣ್ಣಿನ ಉಂಡೆ ಎತ್ತಿಕೊಟ್ರೂ ಆಗ್ತದೆ. ಮಾತು ಕೊಟ್ಟಿದ್ದೇವಲ್ಲ ಜಲಜಕ್ಕ.”

“ಕೊಟ್ಟವಳು ನೀನು. ನಾನು ಚಪ್ಪಾಳೆ ತಟ್ಟಿದ್ದು.” ಜಲಜಮ್ಮ ಅಂಗೈಗೆ ಎಣ್ಣೆ ಹಚ್ಚಿಕೊಂಡಳು. “ಹೋಗ್ಲಿ, ಪಾಪ. ಎಲ್ಲರೂ ಸೇರಿ ಅಷ್ಟು ಕಾಸು ಒಟ್ಟು ಮಾಡಿ ಕಳಿಸುವ. ಅವಳೇ ಆಳು ಇಟ್ಕೊಳ್ಲಿ.”

ಸರೋಜನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಎಷ್ಟು ಸಲೀಸು! ಆದರೆ ಬಾಯಿಗೆ ಬಂದ ಮಾತು ಬೇರೆ. “ಕಾಸು ಕೊಟ್ರೆ ಅದು ಕೂಲಿ ಆಗ್ತದೆ. ಅವಳು ಕೂಲಿ ಕೇಳ್ಲಿಲ್ಲ, ಮುಯ್ಯಿ ಕೇಳಿದ್ಲು. ಅಂದು ಕೂಲಿ ಬೇಡ ಅಂತ ನಾವೇ ತಪ್ಪಿಸಿ, ಇವತ್ತು ಮುಯ್ಯಿ ಬೇಡ ಕೂಲಿ ತಗೋ ಅನ್ನದಾ?”

“ಹಾಗಾದ್ರೆ ಅವಳ ಮನೇಲಿ ಉಣ್ತೀಯಾ?”

ಸೌಂದರ್ಯಾ ಮುಗ್ಧವಾಗಿ ಕೇಳಿದಳು: “ಅವರು ಇಲ್ಲಿ ಮುಯ್ಯಿಗೆ ಬಂದಾಗ ಎಲ್ಲಿ ಉಣ್ತಿದ್ರು ಅತ್ತೆ?”

“ನೀನು ಹಪ್ಪಳ ಹರಡು. ಕಾಗೆ ಬಂತು ನೋಡು.”

ಎಲ್ಲಿ ಉಣ್ಣುತ್ತಿದ್ದಳು? ಸರೋಜನಿಗೆ ಕಣ್ಣಿಗೆ ಕಟ್ಟಿತು. ಉಳಿದವರೆಲ್ಲ ಒಳಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಸುಬ್ಬಿ ತನ್ನಷ್ಟಕ್ಕೆ ಬಾಳೆಲೆ ತಂದು ಕೊಟ್ಟಿಗೆಯ ಪಕ್ಕ ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಕೂರು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇಲ್ಲಿಗೆ ಬಾ ಅಂತಲೂ ಯಾರೂ ಕರೆದಿರಲಿಲ್ಲ. ಒಡೆಯರಿಲ್ಲದ ಆ ಎರಡು ವರ್ಷ ಸರೋಜನೇ ಅವಳ ಎಲೆಗೆ ಮೇಲಿಂದ ಸಾರು ಹೊಯ್ದಿದ್ದಳು.

ಸಂಜೆ ಮನೆಯಲ್ಲಿ ಚಂದ್ರಶೇಖರನಿಗೂ ಹೇಳಿದಳು. ಅವನು ಕೆಟ್ಟವನಲ್ಲ. ಹೆಂಡತಿ ಭಾನುವಾರದ ಕ್ಲಾಸಿಗೆ ಹೋಗುವಾಗ ಊರವರು ನಕ್ಕರೂ ಅವನು ನಕ್ಕವನಲ್ಲ.

“ನೋಡು ಸರೋಜ,” ಅಂದ. “ಮಗಳನ್ನ ನೋಡಿಕೊಂಡು ಹೋದವರು ಎನ್.ಆರ್. ಪುರದವರು. ಅವರ ಭಾವನ ತೋಟ ಇರೋದು ಶೆಟ್ಟಿಕೊಪ್ಪದಲ್ಲೇ. ನಮ್ಮ ಬೀಗಿತ್ತಿ ಆಗೋಳು ಯಾರದೋ ಮನೆಗೆ ಮಣ್ಣು ಹೊರ್ತಿದ್ದಾಳೆ ಅಂತ ಅವರ ಕಿವಿಗೆ ಬಿದ್ರೆ? ಅದೂ ಅವರ ಆಳಿನ ಮನೆಗೇ ಅಂತ ಆದ್ರೆ?”

“ಗೊತ್ತು.”

“ಸಂಬಂಧ ಕುದುರಿ ಮದುವೆ ಒಂದು ಆಗಿಬಿಡ್ಲಿ. ಆಮೇಲೆ ಬೇಕಾದ್ರೆ ಸುಬ್ಬಿಗೆ ಅರಮನೆ ಕಟ್ಟಿಕೊಡು, ನಾನೇ ಮಣ್ಣು ಕಲಸ್ತೇನೆ.”

ನಿಜವಾಗಿ ಅವಳು ಇದನ್ನು ತಾನೇ ಮೊದಲು ಯೋಚಿಸಿ ಆಗಿತ್ತು. ಯುಗಾದಿಯ ಹೊತ್ತಿಗೇ ಒಂದು ಉತ್ತರ ಬರೆದಿದ್ದಳು: ‘ಚೈತ್ರನ ಮದುವೆ ಮಾತು ನಡೆಯುತ್ತಿದೆ, ಹಾಗಾಗಿ ಬರಲಿಕ್ಕೆ ಆಗುವುದಿಲ್ಲ.’ ಹರಿದುಹಾಕಿದಳು. ಇನ್ನೊಂದರಲ್ಲಿ ದುಡಿಯುವವರ ಒಗ್ಗಟ್ಟು, ಶೋಷಣೆ, ಹೋರಾಟ ಅಂತೆಲ್ಲ ಬರೆದಳು. ಓದಿದರೆ ಸೋಮನಾಥರ ಭಾಷಣದ ಹಾಗಿತ್ತು. ಬರುತ್ತೇನೆ ಅನ್ನುವುದೊಂದೇ ಅದರಲ್ಲಿ ಇರಲಿಲ್ಲ. ಅದನ್ನು ಹರಿಯಲಿಲ್ಲ, ಕಳಿಸಲೂ ಇಲ್ಲ.

ಪಾತ್ರೆ ಒರೆಸುತ್ತಿದ್ದ ಚೈತ್ರ ಒಳಗಿನಿಂದಲೇ ಹೇಳಿದಳು: “ಅಮ್ಮ, ನೀನು ಬರೆದು ಹರಿದದ್ದನ್ನ ನಾನು ಕಸ ಗುಡಿಸುವಾಗ ಓದಿದೆ. ನನ್ನ ಹೆಸರು ಅದ್ರಲ್ಲಿ ಹಾಕ್ಬೇಡ.”

“ಎಂತ ಮಾತೇ ಅದು?”

“ಹೋಗಲ್ಲ ಅಂತಾದ್ರೆ ಮನಸ್ಸಿಲ್ಲ, ಹೋಗಲ್ಲ ಅಂತ ಬರಿ. ಮಗಳ ಮದುವೆ ಅನ್ಬೇಡ. ಸಣ್ಣವಳಿದ್ದಾಗ ಸುಬ್ಬಕ್ಕ ನನ್ನನ್ನ ಸೊಂಟದ ಮೇಲೆ ಕೂರಿಸಿಕೊಂಡು ಗದ್ದೆ ದಾಟಿಸಿದ್ದಾಳೆ. ನನ್ನಿಂದಾಗಿ ಅವಳ ಗೋಡೆ ಏಳದೆ ಉಳೀತು ಅಂತ ಆಗದು ಬೇಡ.”

“ಇವಳ ಬಾಯಿ ನೋಡು,” ಚಂದ್ರಶೇಖರ ಅಂದ. “ಈ ಬಾಯಿಗೇ ಸಂಬಂಧ ತಪ್ಪೋದು, ನಿನ್ನ ಮಣ್ಣಿಗಲ್ಲ.” ನಕ್ಕ. ಆದರೆ ಹೋಗು ಅನ್ನಲಿಲ್ಲ.

ಎರಡು ದಿನ ಬಿಟ್ಟು ಸರೋಜ ಕೊಪ್ಪಕ್ಕೆ ಹೊರಟಳು. ಮನೆಯಲ್ಲಿ ಬಟ್ಟೆ ತರುವುದಿದೆ ಅಂದಳು. ಬಸ್ಸಿಳಿದವಳು ಬಟ್ಟೆ ಅಂಗಡಿಗೆ ಹೋಗದೆ ಸೋಮನಾಥರ ಕೋಣೆಯ ಮೆಟ್ಟಿಲು ಹತ್ತಿದಳು. ಹಿಂದಿನ ಸಂಜೆ ಒಂದು ಹದವಾದ ಮಳೆ ಬಿದ್ದಿತ್ತು. ಅದು ಅವಳ ಎದೆಯ ಮೇಲೇ ಬಿದ್ದ ಹಾಗಿತ್ತು. ಇನ್ನು ಹೆಚ್ಚು ದಿನವಿಲ್ಲ.

ಸೋಮನಾಥ್ ಸೊರಗಿಹೋಗಿದ್ದರು. ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು. ಗೋಡೆಗೆ ಒರಗಿಸಿದ ಬಾವುಟದ ಕೋಲುಗಳ ಮೇಲೆ ಪಂಚೆ ಒಣಗುತ್ತಿತ್ತು. “ಬನ್ನಿ ಬನ್ನಿ ಸರೋಜಮ್ಮ, ಬೇಗಾರಿನವರು ದಾರಿ ತಪ್ಪಿದ್ರಾ?” ಅಂತ ಖುಷಿಯಿಂದ ಕುರ್ಚಿಯ ಮೇಲಿನ ಪುಸ್ತಕ ತೆಗೆದರು. “ನಿಮ್ಮೂರಿನ ಮುಯ್ಯಿಯ ವಿಷಯ ಎಷ್ಟು ಕಡೆ ಹೇಳಿದ್ದೇನೆ ಗೊತ್ತುಂಟಾ? ನೆಮ್ಮಾರಿನಲ್ಲಿ ಹೇಳಿದೆ, ಎನ್.ಆರ್. ಪುರದಲ್ಲಿ ಹೇಳಿದೆ. ಕೂಲಿ ಅನ್ನೋದನ್ನೇ ಅಳಿಸಿದ ಹೆಂಗಸರು ಅಂತ.”

ಸರೋಜ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಮೊರದ ಅಕ್ಕಿಯನ್ನೂ ಕೊಟ್ಟಿಗೆ ಪಕ್ಕದ ಎಲೆಯನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವರ ಮುಖದ ಖುಷಿ ಬತ್ತುತ್ತ ಬಂತು.

“ಸಾರ್, ಒಂದು ಕೇಳ್ತೇನೆ. ತಪ್ಪು ಆ ಪುಸ್ತಕದ್ದಾ, ನಂದಾ?”

ಸೋಮನಾಥ್ ಕಾಲಿನ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದರು. “ಪುಸ್ತಕದ್ದಲ್ಲ,” ಅಂದರು. “ಭೂಮಿ ಯಾರದ್ದು ಅಂತ ಮೊದಲು ಕೇಳಿ ಅಂತ ಅದರಲ್ಲೇ ಇದೆ. ನಾನೇ ನಿಮಗೆ ಬೋರ್ಡಿನ ಮೇಲೆ ಬರೆದುಕೊಟ್ಟೆ. ನೀವು ಎದ್ದು ನಿಂತ ದಿನ ನಾನು ಕೇಳ್ಬೇಕಿತ್ತು. ಗದ್ದೆ ಇದ್ದವರೂ ಇಲ್ಲದವಳೂ ಸಮ ಸಮ ದುಡಿದ್ರೆ ಬೆಳೆ ಯಾರ ಕಣಜಕ್ಕೆ ಹೋಗ್ತದೆ ಅಂತ. ಕೇಳ್ಲಿಲ್ಲ. ಯಾಕಂದ್ರೆ ಅಷ್ಟು ವರ್ಷ ಸುತ್ತಿದ್ದಕ್ಕೆ ಒಂದು ಊರಲ್ಲಾದರೂ ಏನೋ ಆಯ್ತಲ್ಲ ಅಂತ ನನಗೆ ಅಳು ಬಂದಿತ್ತು.”

“ನಾನು ನಿಮ್ಮನ್ನ ದೂರಕ್ಕೆ ಬಂದದ್ದಲ್ಲ.”

“ದೂರಿ. ದೂರಬೇಕು.” ಆಮೇಲೆ ಅವರು ಹಳೆಯ ಸೋಮನಾಥರೇ ಆದರು. “ಆದ್ರೆ ಸರೋಜಮ್ಮ, ನೀವೊಬ್ಬರು ಹೋಗಿ ಒಂದು ದಿನ ಮಣ್ಣು ಹೊತ್ರೆ ಸಮಾಜ ಬದಲಾಗಲ್ಲ. ಒಬ್ಬೊಬ್ಬರ ಪಶ್ಚಾತ್ತಾಪದಿಂದ ಆಗೋ ಕೆಲಸ ಅಲ್ಲ ಇದು. ಭೂಮಿಯ ಪ್ರಶ್ನೆಯನ್ನೇ ಎತ್ತಬೇಕು. ಮಳೆ ಮುಗೀಲಿ, ಕಮಿಟಿ ಸೇರಿಸುವ. ಬೇಗಾರಿನಲ್ಲೇ ಸಭೆ ಇಡುವ.”

“ಮಳೆ ಮುಗೀಲಿ ಅಂದ್ರೆ ಹೇಗೆ ಸಾರ್? ಅವಳ ಗೋಡೆ ಮಣ್ಣಿಂದು.”

ಸೋಮನಾಥ್ ಕಿಟಕಿಯತ್ತ ತಿರುಗಿ ಮೋಡ ನೋಡಿದರು.

“ನೀವು ಹೇಳೋದು ಸರಿಯೇ,” ಸರೋಜ ಅಂದಳು. “ನಾನು ಹೋದ್ರೆ ಸಮಾಜ ಬದಲಾಗಲ್ಲ. ಹೋಗದಿದ್ರೂ ಬದಲಾಗಲ್ಲ. ಹೋಗದಿದ್ರೆ ಅವಳ ಎರಡು ಮಳೆಗಾಲ ನಾನು ತಿಂದ ಹಾಗಾಯ್ತು, ಅಷ್ಟೆ. ಒಂದು ಹಾಳೆ ಇದ್ರೆ ಕೊಡಿ.”

ಅವರು ಹಾಳೆಯ ಜೊತೆ ಪೆನ್ನೂ ಹಿಡಿದು ಕೂತರು. “ಹೇಳಿ, ನಾನು ಬರೀತೇನೆ.”

“ಬೇಡ ಸಾರ್. ನೀವು ಬರೆದ್ರೆ ಚಂದ ಆಗಿಬಿಡ್ತದೆ.”

ಸೋಮನಾಥ್ ತಲೆ ತಗ್ಗಿಸಿ ಪೆನ್ನು ಕೊಟ್ಟರು. ಸರೋಜ ಅಲ್ಲಿ ಬರೆಯಲಿಲ್ಲ. ಬಸ್‌ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೆ ಕೂತು, ಬಟ್ಟೆ ತರಲೆಂದು ತಂದಿದ್ದ ಚೀಲವನ್ನು ತೊಡೆಯ ಮೇಲೆ ಮಡಚಿಟ್ಟು ಬರೆದಳು. ಪಕ್ಕದಲ್ಲೊಬ್ಬ ಮುದುಕ ಎಲೆಯಡಿಕೆ ಜಗಿಯುತ್ತ ಇಣುಕಿ ನೋಡುತ್ತಿದ್ದ. ನೋಡಲಿ.

ಇಷ್ಟು ದಿನ ತಿಣುಕಿದ್ದು ಈಗ ಒಂದೇ ಹಾಳೆಗೆ ಇಳಿಯಿತು.

‘ಸುಬ್ಬಿಗೆ ಸರೋಜ ಮಾಡುವ ನಮಸ್ಕಾರ. ನಿನ್ನ ಕಾಗದ ಶಿವರಾತ್ರಿಗೇ ಬಂದಿತ್ತು. ಮನಸ್ಸು ಗಟ್ಟಿ ಆಗದೆ ಉತ್ತರ ಬರೆಯಲಿಲ್ಲ, ಬೇರೆ ಕಾರಣ ಇಲ್ಲ. ನಮ್ಮ ಗದ್ದೆಗಳಲ್ಲಿ ನೀನು ದುಡಿದದ್ದು ಮುಯ್ಯಿ ಆಗಲಿಲ್ಲ, ಬಿಟ್ಟಿ ಆಯಿತು. ಅದು ನನಗೆ ಆಗ ತಿಳಿಯಲಿಲ್ಲ, ಈಗ ತಿಳಿದಿದೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬರುವವಳು ನಾನೊಬ್ಬಳೇ, ಉಳಿದವರು ಬರುವುದಿಲ್ಲ. ಮಣ್ಣು ನೆನೆಹಾಕು. ಗೋಡೆ ಎದ್ದು ಆಗಿದ್ದರೆ ನೆಲ ಬಡಿಯುವ ಕೆಲಸ ಮಾಡುತ್ತೇನೆ. ಒಂದು ದಿನಕ್ಕೆ ತೀರುತ್ತದೆ ಅಂತ ನಾನು ತಿಳಿದುಕೊಂಡಿಲ್ಲ. ನಿನ್ನ ಮನೆಯಲ್ಲೇ ಉಣ್ಣುತ್ತೇನೆ. ನಿನಗೆ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಬಾಗಿಲಲ್ಲೇ ಹೇಳು, ಅದೇ ಬಸ್ಸಿಗೆ ವಾಪಸ್ ಹೋಗುತ್ತೇನೆ.’

ಓದಿದಳು. ಚೈತ್ರನ ಹೆಸರು ಎಲ್ಲೂ ಇರಲಿಲ್ಲ. ಆದರೆ ಚೈತ್ರನನ್ನು ನೋಡಿಕೊಂಡು ಹೋದವರ ಭಾವನ ತೋಟ ಶೆಟ್ಟಿಕೊಪ್ಪದಲ್ಲಿ ಇದ್ದೇ ಇತ್ತು. ಸೋಮವಾರದ ಸುದ್ದಿ ಮಂಗಳವಾರಕ್ಕೆ ಎನ್.ಆರ್. ಪುರ ಮುಟ್ಟುತ್ತದೆ. ಚಂದ್ರಶೇಖರನಿಗೆ ಇವತ್ತು ಸಂಜೆಯೇ ಹೇಳಬೇಕು. ಅವನು ಕೂಗಾಡುವುದಿಲ್ಲ, ಉಣ್ಣದೆ ಮಲಗುತ್ತಾನೆ. ಅದು ಕೂಗಾಟಕ್ಕಿಂತ ಕಷ್ಟ. ಅಂಚೆಗೆ ಹಾಕಿದರೆ ಸೋಮವಾರದೊಳಗೆ ಸಿಗುತ್ತದೋ ಇಲ್ಲವೋ ಅನ್ನುವ ಯೋಚನೆ ಬಂತು. ಅದರ ಹಿಂದೆಯೇ, ಸಿಗದಿದ್ದರೂ ಆಯಿತಲ್ಲ ಅನ್ನುವ ಇನ್ನೊಂದು ಯೋಚನೆ ಮೆಲ್ಲಗೆ ತಲೆಹಾಕಿತು. ಅದಕ್ಕೆ ಹೆದರಿಯೇ ಅವಳು ಎದ್ದಳು.

ಎನ್.ಆರ್. ಪುರದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಆ ಕಡೆಯ ಹಳ್ಳಿಗಳಿಗೆ ಔಷಧಿಯಿಂದ ಹಿಡಿದು ಜಾತಕದವರೆಗೆ ಎಲ್ಲವನ್ನೂ ಮುಟ್ಟಿಸುವವರು ಕಂಡಕ್ಟರುಗಳೇ. ಈ ಕಂಡಕ್ಟರ್ ಬೂತಪ್ಪ ಸರೋಜನ ತವರಿನ ಕಡೆಯವನು; ಒಂದು ಕಾಲು ಮೆಟ್ಟಿಲ ಮೇಲಿಟ್ಟು ಬಾಯಲ್ಲಿ ವಿಸಿಲು ಕಚ್ಚಿಕೊಂಡಿದ್ದ.

“ಬೂತಪ್ಪಣ್ಣ, ಇದೊಂದು ಶೆಟ್ಟಿಕೊಪ್ಪದಲ್ಲಿ ಮುಟ್ಟಿಸ್ಬೇಕು.”

“ಎಂತ ಸರೋಜಕ್ಕ, ಲಗ್ನಪತ್ರಿಕೆಯಾ? ನಂಗೊಂದು ಇಲ್ವಾ?”

“ಪತ್ರಿಕೆ ಅಲ್ಲ, ಕಾಗದ. ಸುಬ್ಬಿಗೆ.”

“ಯಾವ ಸುಬ್ಬಿ ಮಾರಾಯ್ತಿ? ಅಲ್ಲಿ ನಾಲ್ಕು ಸುಬ್ಬಿ ಇದ್ದಾರೆ. ತೋಟದ ಕೂಲಿಗೆ ಹೋಗ್ತಾಳಲ್ಲ, ಅವಳಾ?”

“ಹೊಸ ಮನೆ ಕಟ್ತಾ ಇದ್ದಾಳಲ್ಲ, ಆ ಸುಬ್ಬಿ. ಗಂಡನ ಹೆಸರು ಚೋಮ.”

“ಓ, ಗೊತ್ತಾಯ್ತು. ರಸ್ತೆ ಮೇಲಿಂದ ಕಾಣ್ತದೆ.” ಬೂತಪ್ಪ ಕಾಗದ ತಗೊಂಡು ಅಂಗಿಯ ಮೇಲಿನ ಜೇಬಿಗೆ ಸೇರಿಸಿದ. “ಇವತ್ತೇ ಕೊಡ್ತೇನೆ. ಎಂತಾದ್ರೂ ಬಾಯಲ್ಲಿ ಹೇಳದು ಉಂಟಾ?”

ಸರೋಜನಿಗೆ ಕೇಳಬೇಕು ಅನ್ನಿಸಿತು: ಗೋಡೆ ಎಷ್ಟು ಎತ್ತರ ಎದ್ದಿದೆ, ನಿನ್ನೆಯ ಮಳೆಗೆ ಏನಾದರೂ ಆಯಿತಾ, ಮಣ್ಣು ಹೊರುವವರು ಯಾರಾದರೂ ಇದ್ದಾರಾ. ಕೇಳುವ ಮುಖ ತನಗಿಲ್ಲ ಅನ್ನಿಸಿತು.

“ಎಂತ ಇಲ್ಲ. ಎಲ್ಲ ಅದ್ರಲ್ಲೇ ಉಂಟು.”

ಬೂತಪ್ಪ ವಿಸಿಲು ಊದಿದ. ಬಸ್ಸು ಹಿಂದಕ್ಕೆ ಸರಿಯುವಾಗ ಸರೋಜನ ಕೈ, ನಿಲ್ಲಿಸಿ ಅನ್ನುವ ಹಾಗೆ, ತಾನಾಗಿಯೇ ಅರ್ಧ ಮೇಲೆ ಹೋಯಿತು. ಇನ್ನೊಂದು ಕೈಯಿಂದ ಅವಳು ಅದನ್ನು ಹಿಡಿದುಕೊಂಡಳು. ಬಸ್ಸು ತಿರುಗಿ, ಒಂದು ಸಲ ಹಾರನ್ನು ಹೊಡೆದು, ಎನ್.ಆರ್. ಪುರದ ರಸ್ತೆ ಹಿಡಿದು ಹೋಯಿತು.